ಎಲೆಯಡಿಯ ಚುಕ್ಕೆ

ಬಾಗಿಲ ಹಿಡಿಕೆ ತಿರುಗಿದ ಸದ್ದು ಕೇಳಿದಾಗ ಅವಳ ಬೆರಳು ಇನ್ನೂ ಎಲೆಯ ಅಡಿಯಲ್ಲೇ ಇತ್ತು. ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡು, ಟ್ರೇಯ ಅಂಚಿನಲ್ಲಿ ಇಲ್ಲದ ಧೂಳನ್ನು ಒರೆಸತೊಡಗಿದಳು.

ಬಂದವಳು ನಾದಿನಿ. ಗಂಡನ ಒಬ್ಬಳೇ ತಂಗಿ, ಇದೇ ಸಂಸ್ಥೆಯಲ್ಲಿ ಕಿರಿಯ ಸಂಶೋಧಕಿ, ವಾಸ ಅವಳ ಮನೆಯ ಮಹಡಿ ಮೇಲಿನ ಕೋಣೆಯಲ್ಲೇ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬಂದಿದ್ದರು. ಕಾಫಿ ಕುಡಿದು ಬರುತ್ತೇನೆ, ನೀವು ನಡೆಯುತ್ತಿರಿ ಎಂದು ನಾದಿನಿ ಗೇಟಿನ ಹತ್ತಿರ ಹಿಂದುಳಿದಿದ್ದಳು.

"ಇಷ್ಟು ಬೇಗ ಕಾಫಿ ಆಯ್ತಾ?"

"ಎಲ್ಲಿ ಅತ್ತಿಗೆ, ಮೆಷಿನ್ ಕೆಟ್ಟು ಕೂತಿದೆ."

ನಾದಿನಿ ಎದುರಿನ ಕಪಾಟಿನತ್ತ ಹೋಗಿ ತನ್ನ ಗಿಡಗಳ ಮೇಲೆ ತೂಗುಹಾಕಿದ್ದ ಕ್ಯಾಮೆರಾವನ್ನು ಸರಿಮಾಡತೊಡಗಿದಳು. ನಾದಿನಿಯನ್ನು ಅಲ್ಲೇ ಬಿಟ್ಟು ಅವಳು ಏನೋ ನೆಪ ಹೇಳಿ ಹೊರಗೆ ಬಂದು, ಮೆಟ್ಟಿಲಿಳಿದು, ಕಾಫಿ ಯಂತ್ರ ನಿಜವಾಗಿ ಕೆಟ್ಟಿದೆಯೇ ಎಂದು ನೋಡಿಕೊಂಡು ಬಂದಳು. ಕೆಟ್ಟಿತ್ತು. ಹಾಗೆಂದು ಬರೆದ ಚೀಟಿಯೂ ಅಂಟಿಸಿತ್ತು. ಆ ಬರಹ ಯಾರದು ಎಂದು ಕೂಡ ಒಮ್ಮೆ ಬಗ್ಗಿ ನೋಡಿದಳು. ತನ್ನ ಮೇಲೆ ತನಗೇ ಸ್ವಲ್ಪ ನಾಚಿಕೆಯಾಯಿತು. ಆದರೆ ನೋಡಿದ್ದಕ್ಕಲ್ಲ, ನಾದಿನಿ ತನ್ನನ್ನು ನೋಡುವಂತೆ ಮಾಡಿದ್ದಾಳಲ್ಲ ಅನ್ನುವುದಕ್ಕೆ.

ಆ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಪ್ರತಿ ಅಂತಸ್ತಿನ ಮೇಲೂ ಬಿಳಿ ದೀಪ, ದೀಪದ ಕೆಳಗೆ ಟ್ರೇಗಳಲ್ಲಿ ಪುಟ್ಟ ಕುಂಡಗಳು. ಫ್ಯಾನಿನ ಗುಂಯ್‌ಗುಡುವಿಕೆ, ಒದ್ದೆ ಮಣ್ಣಿನ ವಾಸನೆ. ಗಿಡ ಎಂದರೆ ಸಾಸಿವೆಯ ದೂರದ ನೆಂಟ, ತಿನ್ನಲು ಬಾರದ್ದು, ಮುಡಿಯಲು ಬಾರದ್ದು. ಮೊದಲು ನೆಲಕ್ಕಂಟಿ ಎಲೆಗಳನ್ನು ಚಕ್ರದಂತೆ ಹರಡಿಕೊಳ್ಳುತ್ತದೆ. ಆಮೇಲೆ ನಡುವಿನಿಂದ ತೆಳ್ಳನೆಯ ದಂಟು ಎದ್ದು ತುದಿಯಲ್ಲಿ ಕಾಳಿನಷ್ಟು ಬಿಳಿ ಹೂ ಬಿಡುತ್ತದೆ. ಬೇಗ ಬೆಳೆದು ಬೇಗ ಬೀಜ ಕೊಡುವುದರಿಂದ ಜೀನುಗಳ ಕೆಲಸ ಮಾಡುವವರಿಗೆಲ್ಲ ಅದೇ ಬೇಕು.

ಅವಳು ಹಿಡಿದು ಕೂತಿದ್ದು ಒಂದು ಜೀನನ್ನು. ಅದರ ಒಂದು ತುಂಡನ್ನು ತೆಗೆದುಹಾಕಿದರೆ ಗಿಡ ಗಿಡ್ಡವಾಗುತ್ತದೆ, ತಡವಾಗಿ ಹೂ ಬಿಡುತ್ತದೆ, ನೀರು ನಿಲ್ಲಿಸಿದರೂ ಬಾಡದೆ ನಿಲ್ಲುತ್ತದೆ ಎಂಬುದು ಅವಳ ವಾದ. ಪ್ರಯೋಗದ ಮೊದಲ ಸುತ್ತಿನಲ್ಲಿ ಹಾಗೇ ಕಂಡಿತ್ತು. ತೀರಾ ಕಣ್ಣಿಗೆ ಹೊಡೆಯುವಷ್ಟಲ್ಲ, ಆದರೂ ಅಳೆದರೆ ಸಿಗುವಷ್ಟು. ರೂಢಿಯಂತೆ ಇನ್ನೊಬ್ಬರು ಅದನ್ನೇ ಮತ್ತೆ ಮಾಡಿ ನೋಡಬೇಕಿತ್ತು. ಮನೆಯವಳೇ ಇದ್ದಾಳಲ್ಲ ಎಂದು ಬೀಜವನ್ನು ತಾನೇ ಕೈಯಾರೆ ನಾದಿನಿಗೆ ಕೊಟ್ಟಿದ್ದಳು.

ಆ ಎರಡನೆಯ ಸುತ್ತು ಮುಗಿದ ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ನಾದಿನಿ ಉಪ್ಪಿನ ಬಟ್ಟಲು ದಾಟಿಸುತ್ತ, ತನಗೆ ಜೀನ್ ತುಂಡಾದ ಗಿಡಗಳಿಗೂ ಸಾಮಾನ್ಯ ಗಿಡಗಳಿಗೂ ಏನೂ ವ್ಯತ್ಯಾಸ ಕಾಣಲಿಲ್ಲ ಅಂದಳು. ಎಲ್ಲವೂ ಒಂದೇ ಹೊತ್ತಿಗೆ ಹೂ ಬಿಟ್ಟವು, ನೀರು ನಿಲ್ಲಿಸಿದಾಗ ಎಲ್ಲವೂ ಒಟ್ಟಿಗೇ ಬಾಡಿದವು. ಅಷ್ಟು ಹೇಳಿ ಊಟ ಮುಂದುವರಿಸಿದಳು. ಆ ಮುಂದುವರಿಸಿದ ರೀತಿಯನ್ನು ಅವಳು ಗುರುತು ಹಾಕಿಕೊಂಡಳು.

ಅಂದಿನಿಂದ ಅವಳಿಗೆ ಲೆಕ್ಕಗಳು ಒಂದೊಂದಾಗಿ ಕೂಡಿಬರತೊಡಗಿದವು. ಸಂಸ್ಥೆ ಮುಂದಿನ ವರ್ಷಕ್ಕೆ ಒಂದೇ ಯೋಜನೆಯನ್ನು ಉಳಿಸಿಕೊಳ್ಳುತ್ತದೆ ಎಂಬ ಸುದ್ದಿಯಿತ್ತು. ತನ್ನದು ಬಿದ್ದರೆ ಉಳಿಯುವುದು ನಾದಿನಿಯದು. ನಾದಿನಿಯ ನೌಕರಿಯೂ ಕಾಯಂ ಅಲ್ಲ. ಯೋಜನೆ ಇದ್ದರೆ ಅವಳೂ ಇರುತ್ತಾಳೆ. ಬೀಜ ಕೊಟ್ಟ ಶೀಶೆಗಳನ್ನು ಬದಲಿಸಲು ಎಷ್ಟು ಹೊತ್ತು ಬೇಕು? ಅದೂ ಅಲ್ಲದೆ ನಾದಿನಿ ಗಿಡಗಳನ್ನು ಕೈಯಿಂದ ಮುಟ್ಟುತ್ತಲೇ ಇರಲಿಲ್ಲ. ಮೇಲಿಂದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಅಳೆಯುತ್ತಿದ್ದಳು. ಗಿಡದ ಹತ್ತಿರ ಹೋಗದೆ ಗಿಡದ ಬಗ್ಗೆ ತೀರ್ಪು ಕೊಡುವವಳ ಮಾತಿಗೆ ಏನು ಬೆಲೆ ಎಂದು ಅವಳು ಗಂಡನ ಮುಂದೆ ಹೇಳಿದಳು.

ಗಂಡನದು ಕನ್ನಡಕದಂಗಡಿ. ದಿನವಿಡೀ ಜನರನ್ನು ಕೂರಿಸಿ, ಈ ಗಾಜಲ್ಲಿ ಚೆನ್ನಾಗಿ ಕಾಣುತ್ತೋ ಆ ಗಾಜಲ್ಲೋ ಎಂದು ಕೇಳುವ ಕೆಲಸ. ಹೆಂಡತಿ ತಂಗಿಯರ ನಡುವೆ ಅವನು ಅಂಥ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ.

"ನೋಡು, ನೀವಿಬ್ಬರೂ ಸೇರಿ ಮನೇನ ಪೊಲೀಸ್ ಠಾಣೆ ಮಾಡಬೇಡಿ," ಅಂದ. "ನನಗೆ ಬೆಳಿಗ್ಗೆ ಎದ್ದರೆ ಯಾರ ಕಡೆ ನೋಡಿ ನಗಬೇಕು ಅನ್ನೋದೇ ಗೊತ್ತಾಗ್ತಿಲ್ಲ."

"ನೀವು ನಿಮ್ಮ ತಂಗಿ ಕಡೆ ನೋಡೇ ನಗ್ರಿ, ನನಗೇನು."

"ಅವಳ ಕಡೆ ನೋಡಿ ನಕ್ಕರೆ ಅವಳು, ಅತ್ತಿಗೆ ಎಲ್ಲಿ ಅಂತಾಳೆ."

ಅದನ್ನು ಕೂಡ ಅವಳು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಳು. ತಾನು ಎಲ್ಲಿದ್ದೇನೆ ಎಂದು ಅವಳಿಗೇಕೆ ಬೇಕು?

ಮೂರನೆಯ ಸುತ್ತಿಗೆ ಬೀಜ ಬಿತ್ತಿದವಳು, ಕುಂಡ ತುಂಬಿದವಳು, ನೀರು ಹಾಕಿದವಳು ತಾನೇ. ಟ್ರೇಗಳನ್ನು ಆಗಾಗ ಸ್ಥಳ ಬದಲಿಸಿ ಇಡುವುದು ಕ್ರಮ, ಬೆಳಕು ಗಾಳಿ ಎಲ್ಲ ಗಿಡಕ್ಕೂ ಸಮನಾಗಿ ಸಿಗಲೆಂದು. ಈ ಸಲ ಅವಳು ಬದಲಿಸಲಿಲ್ಲ. ಜೀನ್ ತುಂಡಾದ ಗಿಡಗಳನ್ನು ಕಪಾಟಿನ ಹಿಂಬದಿಗೆ, ಗೋಡೆಗೆ ತಾಗಿಸಿ ಇಟ್ಟಳು. ಸಾಮಾನ್ಯ ಗಿಡಗಳನ್ನು ಮುಂದೆ ಕಾವಲಿನಂತೆ ನಿಲ್ಲಿಸಿದಳು. ಸುಲಭಕ್ಕೆ ಯಾರ ಕೈಗೂ ಸಿಗಬಾರದು. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಪಕ್ಕದ ಕೀಟ ವಿಭಾಗದವರು ದುಂಬಿಗಳ ಬೆನ್ನಿಗೆ ಗುರುತು ಹಾಕಲು ಇಟ್ಟುಕೊಂಡಿದ್ದ ಬಿಳಿ ಬಣ್ಣವನ್ನು ಸ್ವಲ್ಪ ಕೇಳಿ ತಂದು, ಹಿಂದಿನ ಟ್ರೇಯ ಪ್ರತಿ ಗಿಡದ ಒಂದು ಎಲೆಯಡಿಗೆ ಸೂಜಿಮೊನೆಯಷ್ಟು ಚುಕ್ಕೆ ಇಟ್ಟಳು. ಗಿಡ ಬದಲಾದರೆ ಚುಕ್ಕೆ ಇರುವುದಿಲ್ಲ. ಸಾಮಾನ್ಯ ಗಿಡಗಳಿಗೆ ಚುಕ್ಕೆ ಬೇಕೆನಿಸಲಿಲ್ಲ, ಅವನ್ನು ಕದ್ದು ಯಾರಿಗೇನು ಲಾಭ?

ದಿನಾ ಬೆಳಿಗ್ಗೆ ಯಾರೂ ಬರುವ ಮೊದಲು ಅವಳು ಮುಂದಿನ ಟ್ರೇಯ ಮೇಲೆ ಬಾಗಿ, ಕೈ ಚಾಚಿ, ಹಿಂದಿನ ಗಿಡಗಳ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಳು. ಯಾವ ಎಲೆಗೆ ಚುಕ್ಕೆಯಿಟ್ಟೆ ಎಂಬುದು ಮರೆತಿರುತ್ತಿತ್ತು. ಹಾಗಾಗಿ ನಾಲ್ಕೈದು ಎಲೆ ಮಗುಚಬೇಕಾಗುತ್ತಿತ್ತು. ಸಂಜೆ ಹೊರಡುವ ಮುನ್ನ ಇನ್ನೊಮ್ಮೆ. ನಾದಿನಿ ಮಧ್ಯಾಹ್ನ ಒಬ್ಬಳೇ ಕೋಣೆಯಲ್ಲಿದ್ದಳೆಂದು ಗೊತ್ತಾದ ದಿನ ಮತ್ತೊಮ್ಮೆ. ಮೂಲೆಯಲ್ಲಿ ನೀರಿನ ಪೈಪಿನ ಹಿಂದಿದ್ದ ಒಂದು ಗಿಡಕ್ಕೆ ಮಾತ್ರ ಬೆರಳು ಎಟುಕುತ್ತಿರಲಿಲ್ಲ. ಅದನ್ನು ಹಾಗೇ ಬಿಟ್ಟಿದ್ದಳು.

ಚುಕ್ಕೆಗಳು ಎಲ್ಲೂ ಹೋಗಲಿಲ್ಲ. ಗಿಡಗಳು ಮಾತ್ರ ಅವಳು ಎಣಿಸಿದ್ದಕ್ಕಿಂತ ಸೊಗಸಾಗಿ ಅವಳ ವಾದವನ್ನು ಎತ್ತಿಹಿಡಿದವು. ಮುಂದಿನ ಟ್ರೇಯಲ್ಲಿ ದಂಟುಗಳು ಎದ್ದು ಹೂ ಬಂದರೂ ಹಿಂದಿನವು ನೆಲ ಬಿಟ್ಟು ಏಳಲಿಲ್ಲ. ಎಲೆಗಳು ಗಿಡ್ಡವಾಗಿ, ಕಪ್ಪು ಹಸಿರಾಗಿ, ಒತ್ತೊತ್ತಾಗಿ ಕೂತವು. ಎರಡಕ್ಕೂ ನೀರು ನಿಲ್ಲಿಸಿದಾಗ ಮುಂದಿನವು ಒದ್ದೆ ಬಟ್ಟೆಯಂತೆ ಜೋತುಬಿದ್ದವು. ಹಿಂದಿನವು ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಮೊದಲ ಸುತ್ತಿನಲ್ಲಿ ಕಂಡದ್ದು ಇದರ ಮುಂದೆ ಏನೇನೂ ಅಲ್ಲ. ನಾನು ಮಾಡಿದರೆ ಬರುತ್ತದೆ, ಅವಳು ಮಾಡಿದರೆ ಮಾಯವಾಗುತ್ತದೆ. ಇನ್ನೇನು ಸಾಕ್ಷಿ ಬೇಕು?

ಅವಳು ವಿಭಾಗದ ಮುಖ್ಯಸ್ಥರ ಹತ್ತಿರ ಹೋದಳು. ಆಡುವ ಮಾತನ್ನೆಲ್ಲ ತೂಗಿ ಆಡುತ್ತಾರೆಂದು ಅವರಿಗೆ ಬೆನ್ನ ಹಿಂದೆ ತಕ್ಕಡಿ ಎಂದು ಹೆಸರು. ಅವಳೂ ಅಂದು ತೂಗಿಯೇ ಆಡಿದಳು. ಕಳ್ಳತನ ಅನ್ನಲಿಲ್ಲ, ಮೋಸ ಅನ್ನಲಿಲ್ಲ. ಎರಡನೆಯ ಸುತ್ತಿನ ಬೀಜದ ಬಗ್ಗೆ ತನಗೆ ಭರವಸೆಯಿಲ್ಲ ಎಂದಳು. ಬೆಳೆಸುವ ಕೋಣೆಯಲ್ಲಿ ಅಗತ್ಯವಿಲ್ಲದ ಹೊತ್ತಿನಲ್ಲಿ ಓಡಾಟ ಕಾಣುತ್ತಿದೆ ಎಂದಳು. ಯಾರದು ಎಂದು ಅವರು ಕೇಳಿದಾಗ, ಮನೆಯ ವಿಷಯ, ನಾನು ಹೆಸರು ಹೇಳಬಾರದು ಎಂದು ಸುಮ್ಮನಾದಳು. ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ತಕ್ಕಡಿ ತಲೆಯಾಡಿಸಿ, ನಾದಿನಿಯ ನೌಕರಿ ಮುಂದುವರಿಸುವ ವಿಷಯ ಸೋಮವಾರ ಸಮಿತಿಯ ಮುಂದೆ ಬರುತ್ತದೆ, ಅಷ್ಟರೊಳಗೆ ನೋಡೋಣ ಅಂದರು.

ಹೊರಬಂದಾಗ ಅವಳಿಗೆ ಹಗುರಾಗಬೇಕಿತ್ತು. ಸಂಜೆ ಬಸ್ಸಿನಲ್ಲಿ ನಾದಿನಿ ಎಂದಿನಂತೆ ಪಕ್ಕಕ್ಕೆ ಬಂದು ಕೂತು, "ಅತ್ತಿಗೆ, ನಿಮಗೊಂದು ಮಾತು ಹೇಳಬೇಕಿತ್ತು, ಬೇಜಾರು ಮಾಡ್ಕೋಬಾರದು," ಅಂದಳು. ಅವಳು ತಲೆನೋವು ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಕಿಟಕಿಯ ಗಾಜಿನಲ್ಲಿ ನಾದಿನಿಯ ಮುಖ ಕಾಣುತ್ತಿತ್ತು. ಆ ಮುಖ ತನ್ನನ್ನೇ ನೋಡುತ್ತಿದೆಯೇ ಎಂದು ಇಳಿಯುವತನಕ ನೋಡಿದಳು.

ಮುಂದಿನ ಸಾಲು ಅವಳ ಕಣ್ಣಿಗೆ ಬಿದ್ದದ್ದು ಮಾರನೆಯ ದಿನ. ಸಾಮಾನ್ಯ ಗಿಡಗಳ ಟ್ರೇಯಲ್ಲಿ ಎಲ್ಲವೂ ಬಾಡಿ ಮಲಗಿದ್ದರೂ, ಕಪಾಟಿನ ಅಂಚಿಗಿದ್ದ ಒಂದು ಸಾಲು ಮಾತ್ರ ಗಿಡ್ಡಗೆ, ದಪ್ಪಗೆ, ಹಸಿರಾಗಿ ನಿಂತಿತ್ತು. ಥೇಟು ಹಿಂದಿನ ಟ್ರೇಯ ಗಿಡಗಳ ಹಾಗೆ. ಅವಳಿಗೆ ಗಾಬರಿಯಾಗಲಿಲ್ಲ, ಖುಷಿಯಾಯಿತು. ನಾದಿನಿ ಸಿಕ್ಕಿಬಿದ್ದಳು. ಎರಡೂ ಬಗೆಯನ್ನು ಬೆರೆಸಿ ಗೊಂದಲ ಮಾಡಿದರೆ ಇಡೀ ಸುತ್ತೇ ಹಾಳು. ಅದಕ್ಕೇ ಕೈಗೆ ಸಿಗುವ ಮುಂದಿನ ಸಾಲಿಗೆ ತನ್ನಲ್ಲಿದ್ದ ಜೀನ್ ತುಂಡಾದ ಗಿಡಗಳನ್ನು ತಂದು ನೆಟ್ಟಿದ್ದಾಳೆ. ಪೈಪಿನ ಹಿಂದಿನ ಗಿಡ ನೋಡಿದರೆ ಅದು ಉದ್ದ ದಂಟು ಬಿಟ್ಟು ಬಾಡಿ ಒರಗಿತ್ತು. ಓಹೋ, ಅಲ್ಲಿಗೂ ಕೈ ಹೋಗಿದೆ.

ಇನ್ನು ಬಾಯಿಮಾತು ಬೇಡ ಎಂದುಕೊಂಡು, ಮುಂದಿನ ಸಾಲಿನ ಒಂದೊಂದು ಗಿಡದಿಂದಲೂ, ಉದ್ದನೆಯ ಇಕ್ಕಳ ಚಾಚಿ ಪೈಪಿನ ಹಿಂದಿನದರಿಂದಲೂ ಚೂರು ಎಲೆ ಕತ್ತರಿಸಿ, ಅರೆದು, ಡಿ.ಎನ್.ಎ. ತೆಗೆದು ಪರೀಕ್ಷೆಗಿಟ್ಟಳು. ಡಿ.ಎನ್.ಎ. ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಲೋಳೆಯಂಥ ಜೆಲ್ಲಿನಲ್ಲಿ ಜೀನ್ ಸರಿಯಿರುವ ಗಿಡದ ಪಟ್ಟಿ ಮೇಲೆ ನಿಲ್ಲುತ್ತದೆ. ತುಂಡಾದದ್ದು ಚಿಕ್ಕದಾದ್ದರಿಂದ ಕೆಳಗಿಳಿಯುತ್ತದೆ. ಜೆಲ್ ಓಡುವವರೆಗೂ ಅವಳು ಎದ್ದು ಊಟಕ್ಕೂ ಹೋಗಲಿಲ್ಲ. ಸೋಮವಾರದ ಸಮಿತಿಯಲ್ಲಿ ಆ ಚಿತ್ರವನ್ನು ಯಾವ ಮಾತಿನೊಂದಿಗೆ ಮುಂದಿಡಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದಳು.

ಬೆಳಕಿಗಿಟ್ಟು ನೋಡಿದರೆ ಮುಂದಿನ ಸಾಲಿನ ಪಟ್ಟಿಗಳೆಲ್ಲ ಮೇಲೆಯೇ ನಿಂತಿದ್ದವು. ಎಲ್ಲವೂ ಸಾಮಾನ್ಯ ಗಿಡಗಳೇ. ಪೈಪಿನ ಹಿಂದಿನದೊಂದು ಕೆಳಗಿತ್ತು. ಅದು ತಾನಿಟ್ಟ ಗಿಡವೇ, ಜೀನ್ ತುಂಡಾದದ್ದೇ. ಯಾರೂ ಏನನ್ನೂ ಬದಲಿಸಿರಲಿಲ್ಲ.

ಅವಳು ಮೊದಲು ಅನುಮಾನಪಟ್ಟದ್ದು ಜೆಲ್ಲಿನ ಮೇಲೆ. ಹೊಸ ದ್ರಾವಣ ಮಾಡಿ ಮತ್ತೆ ಓಡಿಸಿದಳು. ಅದೇ ಬಂತು. ಜೀನ್ ಸರಿಯಿದ್ದೂ ಗಿಡ್ಡ. ಜೀನ್ ತುಂಡಾಗಿದ್ದೂ ಉದ್ದ. ಹಾಗಾದರೆ ನಾದಿನಿ ಬೇರೆ ಏನಾದರೂ ಸಿಂಪಡಿಸಿದ್ದಾಳೆ, ಬೆಳವಣಿಗೆ ತಡೆಯುವ ಯಾವುದೋ ರಾಸಾಯನಿಕ. ಆ ಸಂಜೆಯೆಲ್ಲ ಅವಳು ಗೋದಾಮಿನ ಕಪಾಟುಗಳಲ್ಲಿ ಸೀಲು ಒಡೆದ ಬಾಟಲಿಗಳನ್ನು ಹುಡುಕಿದಳು.

ರಜೆಯ ದಿನ ಬೆಳಿಗ್ಗೆ ಗಂಡ ಬಟ್ಟೆ ಒಗೆಯಲು ಕೂತಿದ್ದ. ವಾರದ ಬಿಳಿ ಕೋಟುಗಳನ್ನು ತೊಳೆಯುವುದು ಅವನ ಪಾಲಿನ ಕೆಲಸ, ಹೆಂಡತಿಯದೂ ತಂಗಿಯದೂ. ಅವಳು ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತ ತಂಗಿಯ ಕೋಟಿನ ಜೇಬುಗಳ ಮೇಲೆ ಕಣ್ಣಿಟ್ಟಿದ್ದಳು.

"ಇದು ಹೋಗೋದೇ ಇಲ್ಲ ಕಣೇ," ಅಂದ ಗಂಡ ಹೆಂಡತಿಯ ಕೋಟನ್ನು ಎತ್ತಿ ಹಿಡಿದು. ಹೊಟ್ಟೆಯ ಮಟ್ಟದಲ್ಲಿ ಅಡ್ಡಕ್ಕೆ ಒಂದು ಹಸಿರು ಗೆರೆ. "ನಿಮ್ಮ ಮೇಜಿಗೇನು ಬಣ್ಣ ಹಚ್ಚಿದ್ದಾರಾ?"

"ನನ್ನ ಕೋಟಿಗೆ ಮಾತ್ರ ಆಗಿದೆಯಾ?"

"ಅವಳದ್ದು ಮದುವೆಗೆ ಹಾಕ್ಕೊಂಡು ಹೋಗೋ ಹಾಗಿದೆ. ನಿಂದು ಪ್ರತಿ ವಾರ ಇದೇ ಗೆರೆ, ಇದೇ ಜಾಗ. ತಿಕ್ಕಿ ತಿಕ್ಕಿ ನನ್ನ ಉಗುರು ಹಸಿರಾಯ್ತು."

ಅವಳು ಬಾಯಿಯ ನೊರೆ ಉಗುಳುವುದನ್ನೂ ಮರೆತು ಆ ಗೆರೆಯನ್ನು ನೋಡಿದಳು. ಆಮೇಲೆ ಕೋಟನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಿಕೊಂಡು, ಇರುವ ಬಟ್ಟೆಯಲ್ಲೇ ಬಸ್ಸು ಹತ್ತಿದಳು.

ರಜೆಯಾದ್ದರಿಂದ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಬೆಳೆಸುವ ಕೋಣೆಯಲ್ಲಿ ಕೋಟು ತೊಟ್ಟು ಕಪಾಟಿನ ಮುಂದೆ ನಿಂತು, ದಿನಾ ಮಾಡುವಂತೆಯೇ ಬಾಗಿದಳು. ಹಿಂದಿನ ಟ್ರೇಗೆ ಕೈ ಎಟುಕಬೇಕಾದರೆ ಮೈಯೆಲ್ಲ ಮುಂದಕ್ಕೆ ಒರಗಲೇಬೇಕು. ಹೊಟ್ಟೆಯ ಮೇಲಿನ ಗೆರೆ ಮುಂದಿನ ಸಾಲಿನ ಗಿಡಗಳ ತಲೆಯ ಮೇಲೆ ಸರಿಯಾಗಿ ಕೂತಿತು. ಆಚೆ ಈಚೆ ಸರಿದಾಗ ಕೋಟು ಅವುಗಳನ್ನು ಸವರಿಕೊಂಡು ಹೋಯಿತು. ಕೈಬೆರಳುಗಳು ಹಿಂದಿನ ಟ್ರೇಯಲ್ಲಿ ಎಲೆಯಿಂದ ಎಲೆಗೆ ಹೋದವು. ಪೈಪಿನ ಹಿಂದಿನದಕ್ಕೆ ಹೋಗಲಿಲ್ಲ.

ಅವಳು ಹಾಗೇ ಬಾಗಿ ನಿಂತಳು. ಪದೇ ಪದೇ ಮುಟ್ಟಿಸಿಕೊಂಡ ಗಿಡ ಗಾಳಿಗೆ ಸಿಕ್ಕಿದ್ದೇನೆಂದೇ ತಿಳಿಯುತ್ತದೆ. ಸುಮ್ಮನಿದ್ದ ಒಂದಷ್ಟು ಜೀನುಗಳು ಎಚ್ಚರಗೊಳ್ಳುತ್ತವೆ. ದಂಟು ಏಳುವುದಿಲ್ಲ, ಹೂ ತಡವಾಗುತ್ತದೆ, ಎಲೆ ಗಟ್ಟಿಯಾಗುತ್ತದೆ, ಬರಗಾಲವನ್ನೂ ತಾಳಿಕೊಳ್ಳುತ್ತದೆ. ಇದು ಹೊಸ ವಿಷಯವಲ್ಲ. ವರ್ಷ ವರ್ಷವೂ ಹೊಸ ವಿದ್ಯಾರ್ಥಿಗಳ ಮೊದಲ ತರಗತಿಯಲ್ಲಿ ಅವಳೇ ಇದನ್ನು ಪಾಠ ಮಾಡುತ್ತಿದ್ದಳು, ನಗುತ್ತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ತೋರಿಸುತ್ತ. ಮೊದಲ ಸುತ್ತಿನಲ್ಲೂ ಆಸೆಯಿಂದ ದಿನಾ ಅಳೆದದ್ದು ಹಿಂದಿನ ಗಿಡಗಳನ್ನೇ. ಚುಕ್ಕೆ ಹುಡುಕತೊಡಗಿದ ಮೇಲೆ ಕೇಳಬೇಕೇ?

ಸೋಮವಾರ ಸಮಿತಿ ಕೂರುವ ಮೊದಲೇ ಅವಳು ಮುಖ್ಯಸ್ಥರ ಕೋಣೆಯಲ್ಲಿದ್ದಳು. ಜೆಲ್ಲಿನ ಚಿತ್ರ ಮುಂದಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದಳು. ಚುಕ್ಕೆಗಳ ವಿಷಯವನ್ನೂ ಹೇಳಿದಳು, ಅದೇ ಎಲ್ಲಕ್ಕಿಂತ ಕಷ್ಟವಾಯಿತು. ನಾದಿನಿಯ ಫಲಿತಾಂಶವೇ ಸರಿ, ಆ ಜೀನಿನಲ್ಲಿ ತಾನು ಹೇಳಿದ ಗುಣವಿಲ್ಲ, ಕೋಣೆಯ ಓಡಾಟದ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದಳು.

ತಕ್ಕಡಿ ಚಿತ್ರವನ್ನು ನೋಡಲಿಲ್ಲ. ಅವಳನ್ನು ನೋಡಿದರು.

"ಮನೇಲಿ ಏನಾದ್ರೂ ಮಾತಾಯ್ತಾ?"

"ಇಲ್ಲ ಸರ್. ಇದಕ್ಕೂ ಮನೆಗೂ ಸಂಬಂಧ ಇಲ್ಲ."

"ಆವತ್ತು ನೀವೇ ಅಂದ್ರಿ, ಮನೆ ವಿಷಯ ಅಂತ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಒಂದೇ ಸೂರಿನಡಿ ಇರೋರು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಯಜಮಾನರ ತಂಗಿ ಬೇರೆ."

ಅವಳು ಪೈಪಿನ ಹಿಂದಿನ ಗಿಡದ ಪಟ್ಟಿಯ ಮೇಲೆ ಬೆರಳಿಟ್ಟು ಮತ್ತೆ ವಿವರಿಸಿದಳು. ಎಷ್ಟು ವಿವರಿಸಿದರೆ ಅಷ್ಟು ಅವರ ಮುಖದಲ್ಲಿ ಕನಿಕರ ಹೆಚ್ಚಾಯಿತು. ಇಷ್ಟು ಚೆನ್ನಾಗಿ ಬಂದ ಫಲಿತಾಂಶವನ್ನು ಯಾರಾದರೂ ತಾವಾಗಿ ಬಿಟ್ಟುಕೊಡುತ್ತಾರೆಯೇ ಎಂದು ಅವರು ಕೇಳಿದರು. ಬೇಕಾದರೆ ಬರೆದುಕೊಡಿ, ಸಮಿತಿಯ ಮುಂದಿಡುತ್ತೇನೆ, ಅವರು ಏನು ತಿಳಿದುಕೊಳ್ಳುತ್ತಾರೋ ನಾನು ಹೇಳಲಾರೆ ಅಂದರು. ಕೋಣೆಯ ಕೀಯನ್ನು ಮಾತ್ರ ನಾದಿನಿಯಿಂದ ಆಗಲೇ ವಾಪಸ್ಸು ತೆಗೆದುಕೊಂಡಾಗಿತ್ತು. ಸಂಜೆಯೊಳಗೆ ಅವಳ ಕಪಾಟು ಖಾಲಿಯಾಗಬೇಕು ಎಂದೂ ಹೇಳಿಯಾಗಿತ್ತು.

ಅವಳು ಅಲ್ಲೇ ಕೂತು ಬರೆದಳು. ಅವರು ಕೊಟ್ಟ ಹಾಳೆ ಸಾಲದೆ ಇನ್ನೊಂದು ಕೇಳಿ ತೆಗೆದುಕೊಂಡಳು.

ನಾದಿನಿ ಬೆಳೆಸುವ ಕೋಣೆಯಲ್ಲಿ ಕ್ಯಾಮೆರಾ ಬಿಚ್ಚುತ್ತಿದ್ದಳು. ಎದುರಿನ ಕಟ್ಟಡದಲ್ಲಿ ಗೆಳತಿಯೊಬ್ಬಳು ಒಂದು ಅಂತಸ್ತು ಬಿಟ್ಟುಕೊಟ್ಟಿದ್ದಾಳೆ, ಅಲ್ಲಿಗೆ ಸಾಗಿಸುತ್ತಿದ್ದೇನೆ ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ಓಡಾಟದ ವಿಷಯ ಹೇಳಿದ್ದು ನಾನು," ಅಂದಳು ಅವಳು.

"ಗೊತ್ತು. ಅಗತ್ಯವಿಲ್ಲದ ಹೊತ್ತಲ್ಲಿ ಓಡಾಟ ಅಂದ್ರು. ಅವರು ಹಾಗೆ ಮಾತಾಡಲ್ಲ, ಅದು ನಿಮ್ಮ ಮಾತು."

ಅವಳು ಕೋಟಿನ ಗೆರೆಯ ಬಗ್ಗೆ, ಮುಂದಿನ ಸಾಲಿನ ಬಗ್ಗೆ ಹೇಳಿದಳು. ನಾದಿನಿ ಸ್ಕ್ರೂ ತಿರುಗಿಸುತ್ತಲೇ ಕೇಳಿದಳು. ಆಶ್ಚರ್ಯಪಡಲಿಲ್ಲ.

"ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ನನ್ನ ಮೇಲಾ?"

"ನಿಮ್ಮ ಕೈ ಮೇಲೆ."

"ಹೇಳಬಹುದಿತ್ತಲ್ಲ."

"ಬಸ್ಸಲ್ಲಿ ಬಾಯಿ ತೆಗೆದೆ. ನಿಮಗೆ ತಲೆನೋವು ಬಂತು." ನಾದಿನಿ ಸ್ಕ್ರೂಗಳನ್ನು ಅಂಗೈಯಲ್ಲಿ ಕೂಡಿಸಿ ಜೇಬಿಗೆ ಹಾಕಿಕೊಂಡಳು. "ಹೇಳಿದ್ರೂ ಏನಂತಿದ್ರಿ? ನನ್ನ ಕೆಲಸ ಹಾಳು ಮಾಡೋಕೆ ಹೊಸ ದಾರಿ ಹುಡುಕಿದ್ಲು ಅಂತಿದ್ರಿ."



ನಾದಿನಿ ತನ್ನ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಯಾರೂ ಮುಟ್ಟದೆ ಬೆಳೆದ ಗಿಡಗಳು, ದಂಟುಗಳು ತೆಳ್ಳಗೆ ಎತ್ತರಕ್ಕೆ ಹೋಗಿದ್ದವು. ಬಾಗಿಲು ತೆರೆಯಲು ಕೈ ಖಾಲಿಯಿರಲಿಲ್ಲ. ಒಂದು ಕ್ಷಣ ಇಬ್ಬರೂ ಬಾಗಿಲನ್ನೇ ನೋಡಿದರು. ಅವಳು ಹೋಗಿ ಹಿಡಿಕೆ ತಿರುಗಿಸಿ, ಕದವನ್ನು ಪೂರ್ತಿ ಗೋಡೆಗೊತ್ತಿ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು ನಿಂತಳು. ಟ್ರೇ ಅವಳ ಮುಂದೆ ಹಾದುಹೋಯಿತು.

ಹೊರಗೆ ಊಟದ ಬಿಡುವಿನ ಹೊತ್ತು. ಕಾರಿಡಾರಿನಲ್ಲಿ ಜನ ತಟ್ಟೆ ಹಿಡಿದು, ಮಾತಾಡುತ್ತ, ಒಬ್ಬರಿಗೊಬ್ಬರು ತಾಗಿಕೊಂಡು ಬರುತ್ತಿದ್ದರು. ಅವಳು ಬಾಗಿಲು ಬಿಟ್ಟು ಬೇಗ ಬೇಗ ನಡೆದು ನಾದಿನಿಯ ಮುಂದಾದಳು. "ಸ್ವಲ್ಪ ದಾರಿ ಬಿಡ್ತೀರಾ," ಎಂದು ಮೊದಲನೆಯವರಿಗೆ ಹೇಳಿದಳು, ಆಮೇಲೆ ಅವರ ಹಿಂದಿನವರಿಗೆ. ಜನ ಗೋಡೆಗೆ ಸರಿದು ನಿಂತರು. ನಾದಿನಿ ಟ್ರೇಯ ಮೇಲೆ ಕಣ್ಣಿಟ್ಟುಕೊಂಡು ಆ ತೆರವಿನೊಳಗೆ ನಡೆದು ಬಂದಳು. ನಡಿಗೆಗೆ ದಂಟುಗಳ ತುದಿಯ ಬಿಳಿ ಹೂಗಳು ಸಣ್ಣಗೆ ಅಲುಗುತ್ತಿದ್ದವು.